ಬ್ಯಾಂಕ್ ಬಿಟ್ಟವನ ಕಡಲು

ಕೆಲಸ ಬಿಟ್ಟು ನಮಗಿಷ್ಟದ್ದೇನಾದ್ರೂ ಮಾಡ್ಬೇಕು ಅಂತ ಸೋಮವಾರ ಬೆಳಗ್ಗೆ ಅನ್ನಿಸದವರು ಯಾರಿದ್ದಾರೆ ಹೇಳಿ? ನನಗೂ ಅನ್ನಿಸುತ್ತೆ. ಆಗೆಲ್ಲ ನೆನಪಾಗೋದು ಡಚ್ ಚಿತ್ರಕಾರ ಹೆಂಡ್ರಿಕ್ ವಿಲ್ಲೆಮ್ ಮೆಸ್ಡಾಗ್.

1831ರಲ್ಲಿ ಹುಟ್ಟಿದ ಮೆಸ್ಡಾಗ್ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. 1866ರಲ್ಲಿ, 35ರ ವಯಸ್ಸಿಗೆ, ಅದನ್ನು ಬಿಟ್ಟು ಬ್ರಷ್ ಹಿಡಿದ. ನಾಲ್ಕೇ ವರ್ಷಕ್ಕೆ ಅವನ ಕಡಲಿನ ಚಿತ್ರಕ್ಕೆ ಪ್ಯಾರಿಸ್‌ನಲ್ಲಿ ಚಿನ್ನದ ಪದಕ! ಆದರೆ ಒಂದು ಮಾತು ಮರೆಯಬಾರದು. ಹೆಂಡತಿ ಸೀಂಟ್ಯೆಗೆ ತವರಿನಿಂದ ಬಂದ ಆಸ್ತಿ ಇತ್ತು, ಅದಕ್ಕೇ ಬ್ಯಾಂಕ್ ಬಿಡುವ ಧೈರ್ಯ ಬಂತು. ಸ್ವತಃ ಆಕೆಯೂ ಚಿತ್ರಕಾರ್ತಿ.

ಬೆಲ್ಜಿಯಂನ ಕಂಪನಿಯೊಂದು ಅವನಿಂದ ಪನೋರಮಾ ಬರೆಸಲು ಮುಂದಾಯಿತು. ಅಂದ್ರೆ, ನೋಡುವವರನ್ನು ನಡುವೆ ನಿಲ್ಲಿಸಿ ಸುತ್ತಲೂ ಆವರಿಸುವ ಚಿತ್ರ. ಅವನು ಆರಿಸಿಕೊಂಡದ್ದು ಹೇಗ್ ನಗರದ ಪಕ್ಕದ ಮೀನುಗಾರರ ಹಳ್ಳಿ ಸ್ಖೇವನಿಂಗನ್. ಅಲ್ಲಿನ ಮರಳುದಿಬ್ಬದ ಮೇಲಿಂದ ಕಾಣುವ ಕಡಲು, ಮನೆಗಳು, ದಡಕ್ಕೆಳೆದ ಚಪ್ಪಟೆ ತಳದ ದೋಣಿಗಳು ಎಲ್ಲವನ್ನೂ ಗಾಜಿನ ಸಿಲಿಂಡರ್ ಸಹಾಯದಿಂದ ಗುರುತು ಹಾಕಿಕೊಂಡ. ಸೀಂಟ್ಯೆ ಮತ್ತು ಗೆಳೆಯರು ಜೊತೆಗೂಡಿದರು. 1881ರಲ್ಲಿ ಚಿತ್ರ ಸಿದ್ಧವಾಯಿತು: ಎತ್ತರ ಸುಮಾರು 14 ಮೀಟರ್, ಸುತ್ತಳತೆ ಸುಮಾರು 120.

ಕತ್ತಲೆ ದಾರಿ ದಾಟಿ ಮೆಟ್ಟಿಲು ಹತ್ತಿದರೆ ಒಮ್ಮೆಲೇ ಕಡಲು! ಚಿತ್ರದ ಮೇಲಂಚನ್ನು ಚಾವಣಿ ಮರೆಮಾಡುತ್ತೆ, ಕೆಳಗಂಚನ್ನು ಅಸಲಿ ಮರಳು. ಅಂಚೇ ಕಾಣದ್ದರಿಂದ ದೂರ ಎಷ್ಟು ಅಂತ ಕಣ್ಣಿಗೆ ತಿಳಿಯಲ್ಲ. ಬೆಳಕು ಬರೋದು ಗಾಜಿನ ಮಾಡಿನಿಂದ. ಹೊರಗೆ ಮೋಡ ಕವಿದರೆ ಒಳಗಿನ ಕಡಲೂ ಮಂಕಾಗುತ್ತೆ. ಚಿತ್ರದ ದಡದಲ್ಲಿ ಬಿಳಿ ಕೊಡೆ ಕೆಳಗೆ ಕೂತು ಚಿತ್ರ ಬರೀತಿರೋದು ಸೀಂಟ್ಯೆಯೇ.

1886ರಲ್ಲಿ ಕಂಪನಿ ದಿವಾಳಿಯಾಯಿತು. ಚಿತ್ರ ಕೈತಪ್ಪಿ ಹೋಗದಿರಲಿ ಅಂತ ಮೆಸ್ಡಾಗ್ ತಾನೇ ಅದನ್ನು ಕೊಂಡ. ಲಾಭ ಕಾಣದಿದ್ರೂ ಬಿಡಲಿಲ್ಲ.

ಇತ್ತ ಹಳ್ಳಿಯೇ ಬದಲಾಯಿತು. 1894ರ ಬಿರುಗಾಳಿಗೆ ದಡದಲ್ಲಿದ್ದ ದೋಣಿಗಳು ಜಖಂ ಆದವು. 1904ರಲ್ಲಿ ಬಂದರು ಬಂತು. ದೋಣಿ ದಡಕ್ಕೆಳೆಯುವ ಆ ಬದುಕು ಮುಗಿಯಿತು. ಇವತ್ತು ಆ ತೀರದಲ್ಲಿ ಸಾಲು ಹೋಟೆಲುಗಳು. ಹಳೆಯ ಸ್ಖೇವನಿಂಗನ್ ನೋಡಬೇಕಂದ್ರೆ ಹೇಗ್‌ನ ಅದೇ ದುಂಡು ಕೋಣೆಗೆ ಹೋಗಬೇಕು.

ಬ್ಯಾಂಕ್ ಬಿಟ್ಟದ್ದೇ ಅವನ ದೊಡ್ಡ ಸಾಹಸ ಅಂದುಕೊಂಡಿದ್ದೆ. ಈಗ ಅನ್ನಿಸುತ್ತೆ, ಯಾರಿಗೂ ಬೇಡವಾದಾಗಲೂ ಆ ಚಿತ್ರವನ್ನು ಕೈಬಿಡದೇ ಇದ್ದದ್ದು ಅದಕ್ಕಿಂತ ದೊಡ್ಡದು. ರಾಜೀನಾಮೆ ಪತ್ರ ಬರೆಯೋ ಮುಂಚೆ ಒಂದು ಸಲ ಕೇಳಿಕೊಳ್ಳಿ: ನಷ್ಟವಾದ್ರೂ ಬಿಡದೆ ಹಿಡಿದುಕೊಳ್ಳುವಂಥದ್ದು ನಿಮ್ಮ ಹತ್ರ ಏನಿದೆ? ನಾನಿನ್ನೂ ಹುಡುಕ್ತಾ ಇದ್ದೀನಿ.