ಮೊದಲು ಎಕ್ಸ್‌ರೇ, ಆಮೇಲೆ ಲೇಸರ್

ಕುಮಟಾದಿಂದ ಹೊನ್ನಾವರ ದಾಟಿ ಭಟ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡಾಡುವವರಿಗೆ ರಸ್ತೆಬದಿಯಲ್ಲಿ ಹಿಂಗಾಲು ಎಳೆದುಕೊಂಡು ಹೋಗುವ ನಾಯಿ ಹೊಸತಲ್ಲ. ಹಳದೀಪುರ, ಮಂಕಿ, ಶಿರಾಲಿಯಂಥ ಊರುಗಳನ್ನು ಸೀಳಿಕೊಂಡು ಚತುಷ್ಪಥ ಬಂತು. ವಾಹನಗಳ ವೇಗ ಏರಿತು. ಈ ಬದಿಯ ಮನೆಯಲ್ಲಿ ಅನ್ನ, ಆ ಬದಿಯ ಮೀನು ಮಾರುಕಟ್ಟೆಯಲ್ಲಿ ತಲೆ-ಬಾಲ ತಿಂದು ಬದುಕುತ್ತಿದ್ದ ನಾಯಿಗೆ ಮಾತ್ರ ಯಾರೂ ದಾರಿ ಬಿಡಲಿಲ್ಲ.

ಇಂಥ ನಾಯಿಗಳಿಗೆ ಈಗ ಒಂದು ಹೊಸ ಪರಿಹಾರ ಮೊಬೈಲಿನಲ್ಲಿ ಕಾಣುತ್ತಿದೆ: ಕೋಲ್ಡ್ ಲೇಸರ್. ದೊಡ್ಡ ನಗರದ ಆಸ್ಪತ್ರೆಯಲ್ಲಿ ನಾಯಿ ಆರಾಮಾಗಿ ಮಲಗಿರುತ್ತದೆ, ಕಣ್ಣಿಗೆ ಕನ್ನಡಕ, ಸೊಂಟದ ಮೇಲೆ ಕೆಂಪು ಬೆಳಕು. ನೋಡಿದವರು ಕೇಳುತ್ತಾರೆ: ನಮ್ಮಲ್ಲಿ ಇದು ಯಾವಾಗ ಬರುತ್ತದೆ? ನಾನು ಹೇಳುವುದು ಇಷ್ಟೆ. ಆ ಪ್ರಶ್ನೆಯನ್ನು ಸದ್ಯ ಬದಿಗಿಡಿ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ.

ಲೇಸರ್ ಚಿಕಿತ್ಸೆ ಮೋಸ ಎಂದು ನಾನು ಹೇಳುತ್ತಿಲ್ಲ. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಇಲಿಗಳ ಮೇಲೆ ಪ್ರಯೋಗ ಮಾಡುವಾಗ, ಬೆಳಕು ಬಿದ್ದ ಜಾಗದಲ್ಲಿ ಬೋಳಿಸಿದ ಕೂದಲು ಬೇಗ ಬೆಳೆದದ್ದನ್ನು ಕಂಡ. ಕೆಂಪು ಮತ್ತು ಅದರಾಚೆಯ, ಕಣ್ಣಿಗೆ ಕಾಣದ ಬೆಳಕು ಜೀವಕೋಶಗಳ ಶಕ್ತಿ ಉತ್ಪಾದನೆಗೆ ಚುರುಕು ಕೊಡುತ್ತದೆ, ಉರಿಯೂತ ಇಳಿಸುತ್ತದೆ ಎಂಬುದು ಈಗಿನ ವಿವರಣೆ. ಮೊಣಕೈ ಸಂಧಿವಾತ ಇರುವ ನಾಯಿಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕುಂಟು ಕಡಿಮೆಯಾಯಿತು, ನೋವಿನ ಮಾತ್ರೆಯೂ ಕಡಿಮೆ ಸಾಕಾಯಿತು. ಬೆನ್ನುಹುರಿ ಶಸ್ತ್ರಚಿಕಿತ್ಸೆಯ ನಂತರ ಲೇಸರ್ ಕೊಟ್ಟ ನಾಯಿಗಳು ಬೇಗ ನಡೆದವು ಎಂದು 2012ರ ವರದಿ ಹೇಳಿತು. ಅಂಥದೇ ನಾಯಿಗಳ ಮೇಲಿನ 2017ರ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ಅಂದರೆ ಇದು ಕೆಲವು ಕಡೆ ನೆರವಿಗೆ ಬರುವ ಪೂರಕ ಚಿಕಿತ್ಸೆ. ಪವಾಡವಲ್ಲ.

ಹೆಸರಿನಲ್ಲಿರುವ 'ಕೋಲ್ಡ್' ನಂಬಿ ಕೂರುವಂತೆಯೂ ಇಲ್ಲ. ಅರ್ಧ ವ್ಯಾಟ್‌ಗಿಂತ ಹೆಚ್ಚು ಶಕ್ತಿಯ ನಾಲ್ಕನೇ ವರ್ಗದ ಯಂತ್ರಗಳು ಚರ್ಮವನ್ನು ಬಿಸಿ ಮಾಡುತ್ತವೆ. ಕಪ್ಪು ಕೂದಲು ಬೆಳಕನ್ನು ಹೆಚ್ಚು ಹೀರುವುದರಿಂದ ಕರಿ ನಾಯಿಗೆ ಸುಡುವ ಭಯ ಇನ್ನೂ ಹೆಚ್ಚು. ಕಣ್ಣಿಗೆ ಅಪಾಯ. ಗಡ್ಡೆ ಇರುವ ಜಾಗದಲ್ಲಿ ಬಳಸಬಾರದು. ಎಷ್ಟು ಹೊತ್ತು, ಎಷ್ಟು ಪ್ರಮಾಣ ಎಂದು ಲೆಕ್ಕ ಹಾಕಿ ಕೊಡಬೇಕು, ಅದೂ ಮತ್ತೆ ಮತ್ತೆ ಕೊಡಬೇಕು. ಆನ್‌ಲೈನ್‌ನಲ್ಲಿ ತರಿಸಿದ ಕೆಂಪು ದೀಪದಿಂದ ಆಗುವ ಕೆಲಸವಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು: ಲಾರಿ ಬಡಿದ ನಾಯಿಗೆ ಮೂಳೆ ಮುರಿದಿದೆಯೋ, ಬೆನ್ನು ಹೋಗಿದೆಯೋ, ಒಳಗೆ ರಕ್ತ ಸುರಿಯುತ್ತಿದೆಯೋ ಎಂಬುದನ್ನು ಲೇಸರ್ ಹೇಳುವುದಿಲ್ಲ. ತುಂಡಾದ ತೊಡೆಮೂಳೆಯನ್ನು ಅದು ಜಾಗಕ್ಕೆ ತಂದು ಕೂರಿಸುವುದೂ ಇಲ್ಲ. ಅದಕ್ಕೆ ಎಕ್ಸ್‌ರೇ ಬೇಕು, ಅರಿವಳಿಕೆ ಬೇಕು, ನಾಯಿಗೆ ಹೊಂದುವ ನೋವಿನ ಇಂಜೆಕ್ಷನ್ ಬೇಕು, ಇದನ್ನೆಲ್ಲ ಬಳಸಬಲ್ಲ ವೈದ್ಯರು ಬೇಕು. ಜಾಗ ತಪ್ಪದ ಸೊಂಟದ ಬಿರುಕುಗಳು ಎಷ್ಟೋ ಸಲ ನಾಲ್ಕಾರು ವಾರ ಇಕ್ಕಟ್ಟಾದ ಜಾಗದಲ್ಲಿ ಕೂಡಿಹಾಕಿದರೇ ಕೂಡಿಕೊಳ್ಳುತ್ತವೆ. ಆದರೆ ಅದು ಬರೀ ಬಿರುಕು ಎಂದು ತಿಳಿಯುವುದಕ್ಕೂ ಎಕ್ಸ್‌ರೇ ಬೇಕಲ್ಲ!

ನಮ್ಮ ಸರ್ಕಾರಿ ಪಶುವೈದ್ಯ ವ್ಯವಸ್ಥೆ ಬೆಳೆದದ್ದು ದನ-ಎಮ್ಮೆಗಾಗಿ. 1962ಕ್ಕೆ ಕರೆ ಮಾಡಿದರೆ ಬರುವ ವಾಹನವನ್ನೂ ರೈತರ ಜಾನುವಾರುಗಳನ್ನು ಮುಂದಿಟ್ಟುಕೊಂಡೇ ರೂಪಿಸಿದ್ದು. ಅದರಲ್ಲಿ ತಪ್ಪೇನಿಲ್ಲ. ಇರುವ ವೈದ್ಯರನ್ನು ಬೈಯುವುದೂ ನ್ಯಾಯವಲ್ಲ. ಲಸಿಕೆ, ಗರ್ಭಧಾರಣೆ, ಮೀಟಿಂಗು, ವರದಿ ಎಂದು ಅವರ ದಿನ ಮುಗಿದಿರುತ್ತದೆ. ದೊಡ್ಡ ಆಸ್ಪತ್ರೆಗೇ ಒಯ್ಯಬೇಕೆಂದರೆ ಗೇರುಸೊಪ್ಪೆ ಘಟ್ಟ ಹತ್ತಿ, ಸಾಗರ ದಾಟಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಬೇಕು. ದೋಣಿಗೆ ಹೋಗಿ ದಿನಗೂಲಿ ತರುವವರು ಬೀದಿನಾಯಿಗೆ ಕಾರು ಬಾಡಿಗೆ ಮಾಡಿ ಅಲ್ಲಿಗೆ ಹೋಗುತ್ತಾರೆಯೇ?

"ಮನುಷ್ಯರಿಗೇ ಗತಿಯಿಲ್ಲ, ನಾಯಿ ಸುದ್ದಿ ಯಾಕೆ?" ಎನ್ನುವವರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಮುಗಿಲು ಮುಟ್ಟಿತ್ತು. ಆದರೆ ಪಶು ಆಸ್ಪತ್ರೆಗೆ ಎಕ್ಸ್‌ರೇ ಕೊಡದೆ ಉಳಿಸಿದ ದುಡ್ಡಿನಲ್ಲಿ ಯಾರೂ ಮನುಷ್ಯರ ಆಸ್ಪತ್ರೆ ಕಟ್ಟುವುದಿಲ್ಲ. ಇಲಾಖೆ ಬೇರೆ, ಅನುದಾನ ಬೇರೆ. ಅದೇ ಎಕ್ಸ್‌ರೇ ಯಂತ್ರ ಕಾಲು ಮುರಿದ ಕರುವಿಗೂ ಆಡಿಗೂ ಆಗುತ್ತದೆ.

ಹಾಗಾಗಿ ಲೇಸರ್‌ಗೆ ಚಂದಾ ಎತ್ತುವ ಮೊದಲು, ನಿಮ್ಮ ತಾಲೂಕಿನ ಪಶು ಆಸ್ಪತ್ರೆಗೆ ಮಾಹಿತಿ ಹಕ್ಕಿನಲ್ಲಿ ಮೂರು ಪ್ರಶ್ನೆ ಹಾಕಿ. ಕೆಲಸ ಮಾಡುವ ಎಕ್ಸ್‌ರೇ ಇದೆಯೇ? ನಾಯಿಗೆ ಕೊಡುವ ನೋವಿನ ಔಷಧಿ ಮತ್ತು ಅರಿವಳಿಕೆ ದಾಸ್ತಾನು ಎಷ್ಟು? ಮಂಜೂರಾದ ವೈದ್ಯರ ಹುದ್ದೆ ಎಷ್ಟು, ಖಾಲಿ ಎಷ್ಟು? ಬಂದ ಉತ್ತರ ಹಿಡಿದುಕೊಂಡು ಶಾಸಕರ ಬಳಿ ಹೋಗಿ.

ಅಲ್ಲಿಯವರೆಗೆ, ಗಾಯಗೊಂಡ ನಾಯಿ ಸಿಕ್ಕರೆ ಮುರಿದ ಕಾಲು ಎಳೆಯಬೇಡಿ. ಉಸಿರಾಟಕ್ಕೆ ತೊಂದರೆಯಾಗದಂತೆ ಬಾಯಿಗೆ ಬಟ್ಟೆ ಸುತ್ತಿ, ಹಲಗೆಯ ಮೇಲೆ ಜಾರಿಸಿ ಎತ್ತಿ. ಕಚ್ಚಿದರೆ ಹದಿನೈದು ನಿಮಿಷ ಸೋಪಿನಲ್ಲಿ ತೊಳೆದು ಅದೇ ದಿನ ಲಸಿಕೆಗೆ ಹೋಗಿ. ಮನೆಯಲ್ಲಿರುವ ಐಬುಪ್ರೊಫೆನ್ ಮಾತ್ರೆ ಕೊಡಲೇಬೇಡಿ, ಅದು ನಾಯಿಯ ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ವಿಷ.

ಲೇಸರ್ ಬರಲಿ, ಬೇಡವೆನ್ನುವುದಿಲ್ಲ. ಆದರೆ ಎಕ್ಸ್‌ರೇ ಇಲ್ಲದ ಆಸ್ಪತ್ರೆಗೆ ಅದು ಬಂದರೆ, ಉದ್ಘಾಟನೆಯ ಫೋಟೊದಲ್ಲಿ ಮಾತ್ರ ಬೆಳಕು ಇರುತ್ತದೆ.