ಡೀಸೆಲ್ಲಿಗೆ ಸೀಸೆ ಮದ್ದು: ಗಾಡಿಯ ರೋಗ ಬೇರೆ, ಔಷಧಿ ಬೇರೆ

ಕಾಫಿ ಹಣ್ಣು ಕೆಂಪಾಯಿತೆಂದರೆ ಮೂಡಿಗೆರೆ, ಆಲ್ದೂರು, ಕಳಸ ಕಡೆಯ ಪಿಕಪ್ ಗಾಡಿಗಳಿಗೆ ಪುರುಸೊತ್ತಿಲ್ಲ. ಬೆಳಿಗ್ಗೆ ತರಕಾರಿ, ಮಧ್ಯಾಹ್ನ ಗೊಬ್ಬರ, ಸಂಜೆ ಕಾಫಿ ಮೂಟೆ. ನವೆಂಬರಿನಲ್ಲಿ ಅರೇಬಿಕಾದಿಂದ ಶುರುವಾದ ಓಡಾಟ ರೋಬಸ್ಟಾ ಮುಗಿಯುವ ಮಾರ್ಚ್‌ವರೆಗೆ ನಿಲ್ಲುವುದಿಲ್ಲ. ಇದೇ ಹೊತ್ತಿಗೆ ಬಿಡಿಭಾಗದ ಅಂಗಡಿಗಳಲ್ಲಿ ಬಣ್ಣಬಣ್ಣದ ಸೀಸೆಗಳು ಸಾಲುಗಟ್ಟಿ ನಿಲ್ಲುತ್ತವೆ. ಟ್ಯಾಂಕಿಗೆ ಹೊಯ್ದರೆ ಮೈಲೇಜು ಏರುತ್ತದಂತೆ, ಹೊಗೆ ಇಳಿಯುತ್ತದಂತೆ, ಇಂಜೆಕ್ಟರು ಹೊಸದರಂತೆ ಆಗುತ್ತದಂತೆ.

ಯಾವ ಸೀಸೆ ಒಳ್ಳೇದು ಎಂಬುದು ಸ್ಟ್ಯಾಂಡಿನಲ್ಲಿ ಮುಗಿಯದ ಚರ್ಚೆ. ಒಬ್ಬ ಕೆಂಪು ಸೀಸೆ ಅಂದರೆ ಇನ್ನೊಬ್ಬ ಹಸಿರು ಸೀಸೆ. ಮೂರನೆಯವನು, ‘ಅದ್ಯಾವ್ದೂ ಬೇಡ ಮಾರಾಯ, ಸ್ವಲ್ಪ ಟೂ-ಟಿ ಆಯಿಲ್ ಹೊಯ್ಯಿ, ಸಾಕು’ ಅನ್ನುತ್ತಾನೆ.

ಇದು ಡ್ರೈವರುಗಳ ತಲೆನೋವು ಎಂದು ಅಂಗಡಿಯವರು ಕೈ ತೊಳೆದುಕೊಳ್ಳುವ ಹಾಗಿಲ್ಲ. ಕಳಸದ ಅಂಗಡಿಗೆ ಬರುವ ಅಕ್ಕಿ, ಈರುಳ್ಳಿ, ಸಿಮೆಂಟಿನ ಬೆಲೆಯೊಳಗೆ ಈ ಗಾಡಿಗಳ ಡೀಸೆಲ್ ಕೂತಿದೆ. ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ. 18.4ಕ್ಕೆ, 2025ರ ಏಪ್ರಿಲ್ 1ರಿಂದ ಶೇ. 21.17ಕ್ಕೆ ಏರಿಸಿತು. ಆಗ ಬೆಂಗಳೂರಿನಲ್ಲೇ ಲೀಟರಿಗೆ 91 ರೂಪಾಯಿ ದಾಟಿತು. ಖರ್ಚು ತಾಳದಿದ್ದರೆ ಮಲೆನಾಡಿನಲ್ಲಿ ಏನಾಗುತ್ತದೆಂಬುದು ಬಸ್ಸಿನವರಿಗೆ ಗೊತ್ತು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕಟ್ಟಿದ ಸಹಕಾರ ಸಾರಿಗೆ 2020ರ ಫೆಬ್ರವರಿಯಲ್ಲಿ ನಿಂತೇ ಹೋಯಿತು. ಹೀಗಿರುವಾಗ ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚು ಕೊಡಿಸುತ್ತೇನೆ ಎಂಬ ಸೀಸೆಯತ್ತ ಕೈ ಹೋಗುವುದು ಸಹಜ.

ಲೆಕ್ಕ ಏನು ಹೇಳುತ್ತದೆ?

ಅಂಗಡಿ ಲೆಕ್ಕವನ್ನೇ ಹಾಕೋಣ. 50 ಲೀಟರ್ ಡೀಸೆಲ್ಲಿಗೆ 91 ರೂಪಾಯಿಯಂತೆ 4,550 ರೂಪಾಯಿ. ಗಾಡಿ ಲೀಟರಿಗೆ 12 ಕಿಲೋಮೀಟರ್ ಕೊಟ್ಟರೆ 600 ಕಿಲೋಮೀಟರ್ ಓಟ. ಇದಕ್ಕೆ 300 ರೂಪಾಯಿಯ ಒಂದು ಸೀಸೆ ಹೊಯ್ದರು ಎಂದಿಟ್ಟುಕೊಳ್ಳಿ. ಖರ್ಚು 4,850 ಆಯಿತು. ಹಾಕಿದ ದುಡ್ಡು ಹುಟ್ಟಬೇಕಾದರೆ ಅದೇ ಟ್ಯಾಂಕಿನಲ್ಲಿ 640 ಕಿಲೋಮೀಟರ್ ಓಡಬೇಕು; ಮೈಲೇಜು 12.8ಕ್ಕೆ ಏರಬೇಕು. ಅಲ್ಲಿಯವರೆಗೆ ಲಾಭ ಸೊನ್ನೆ. ಅದಕ್ಕೂ ಮೇಲೆ ಹೋದರೆ ಮಾತ್ರ ಉಳಿತಾಯ.

ಅಷ್ಟು ಏರುತ್ತದೆಯೇ? ಇಂಧನ ಉಳಿಸುತ್ತೇವೆಂದು ಹೇಳಿಕೊಂಡ ನೂರಕ್ಕೂ ಹೆಚ್ಚು ಸಾಧನ, ಸೇರ್ಪಡೆಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವರ್ಷಾನುಗಟ್ಟಲೆ ಪರೀಕ್ಷಿಸಿದೆ. ಲಾಭ ಕಂಡದ್ದು ಬೆರಳೆಣಿಕೆಯಷ್ಟರಲ್ಲಿ, ಅದೂ ಅತ್ಯಲ್ಪ. ಘಾಟಿಯಲ್ಲಂತೂ ಒಂದು ಟ್ರಿಪ್ ಖಾಲಿ, ಒಂದು ಟ್ರಿಪ್ ತುಂಬಿದ ಗಾಡಿ; ಮೈಲೇಜು ತಾನೇ ತಾನಾಗಿ ಏರಿಳಿಯುತ್ತದೆ. ಇಳಿಜಾರಿನಲ್ಲಿ ಸಿಕ್ಕ ಮೈಲೇಜಿನ ಕೀರ್ತಿ ಸೀಸೆಗೆ ಹೋಗುತ್ತದೆ.

ಡೀಸೆಲ್ಲೇ ಬದಲಾಗಿದೆ

ಹಿಂದೆ ಸೀಮೆಎಣ್ಣೆ ಬೆರೆಸಿಯೂ ಓಡಿಸಿದವರಿದ್ದಾರೆ. ಆಗಿನ ಪಂಪು, ನಾಜಿಲ್ಲು ಒರಟು, ತಡೆದುಕೊಂಡವು. ಈಗಿನ ಕಾಮನ್ ರೈಲ್ ಎಂಜಿನ್‌ನಲ್ಲಿ ಡೀಸೆಲ್ ಒತ್ತಡ 1,600 ಬಾರ್ ಮತ್ತು ಅದಕ್ಕೂ ಹೆಚ್ಚು. ಟೈರಿನ ಗಾಳಿಗಿಂತ ನೂರಾರು ಪಟ್ಟು. ಇಂಜೆಕ್ಟರಿನೊಳಗಿನ ಸಂದು ತಲೆಕೂದಲಿಗಿಂತ ಎಷ್ಟೋ ಪಾಲು ಕಿರಿದು. ಒರಟು ಮದ್ದಿಗೆ ಅಲ್ಲಿ ಜಾಗವಿಲ್ಲ.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಡೀಸೆಲ್ ಬಂತು. ಗಂಧಕ ಹತ್ತು ಲಕ್ಷದಲ್ಲಿ 10 ಪಾಲು ಮೀರುವಂತಿಲ್ಲ. ಬಿಎಸ್-4ರಲ್ಲಿ 50, ಬಿಎಸ್-3ರಲ್ಲಿ 350 ಇತ್ತು. ಗಂಧಕ ತೆಗೆದರೆ ಡೀಸೆಲ್ಲಿನ ಜಿಡ್ಡೂ ಹೋಗುತ್ತದೆ, ಪಂಪು ಸವೆಯುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ ಜಿಡ್ಡು ಎಷ್ಟಿರಬೇಕೆಂದು ಸರ್ಕಾರಿ ಮಾನದಂಡವಿದೆ, ಅದಕ್ಕೆ ಬೇಕಾದ ಸೇರ್ಪಡೆ ಬಂಕಿಗೆ ಬರುವ ಮೊದಲೇ ಸೇರಿರುತ್ತದೆ. ಮೇಲಿಂದ ಟೂ-ಟಿ ಆಯಿಲ್ ಹೊಯ್ದರೆ ಅದರ ಬೂದಿ ಹೊಗೆಕೊಳವೆಯ ಮಸಿ ಫಿಲ್ಟರಿನಲ್ಲಿ ಕೂರುತ್ತದೆ. ಮಸಿಯಾದರೆ ಸುಟ್ಟುಹೋಗುತ್ತದೆ, ಬೂದಿ ಸುಡುವುದಿಲ್ಲ. ಸೀಮೆಎಣ್ಣೆಯಲ್ಲಿ ಗಂಧಕ ಶೇ. 0.25ರವರೆಗೆ ಇರಬಹುದು, ಅಂದರೆ ಡೀಸೆಲ್ಲಿಗೆ ಗೊತ್ತುಮಾಡಿದ್ದರ 250 ಪಟ್ಟು.

ಚಳಿಗೆ ಡೀಸೆಲ್ ಗಟ್ಟಿಯಾಗದ ಮದ್ದನ್ನೂ ಕೆಲವರು ಕೊಳ್ಳುತ್ತಾರೆ. ಅದು ಬೇಕಾಗುವುದು ಲಡಾಖ್‌ನಂಥ ಕಡೆ. ಅಲ್ಲಿಗೆ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಡೀಸೆಲ್ ತಂದಿತು. ಮೂಡಿಗೆರೆಯ ಡಿಸೆಂಬರ್ ಚಳಿಗೆ ಕಂಬಳಿ ಬೇಕು, ಡೀಸೆಲ್ಲಿಗೆ ಏನೂ ಬೇಕಿಲ್ಲ.

ನಿಜವಾದ ಶತ್ರು ನೀರು

ಈ ಬೆಟ್ಟಗಳಲ್ಲಿ ಗಾಡಿ ಕೆಡಿಸುವುದು ನೀರು. ತೋಟಗಳಲ್ಲಿ ಸ್ಪ್ರಿಂಕ್ಲರ್ ಪಂಪಿಗೆ, ಜನರೇಟರಿಗೆ ಎಂದು ಡ್ರಮ್ಮಿನಲ್ಲಿ, ಕ್ಯಾನಿನಲ್ಲಿ ಡೀಸೆಲ್ ಇಡುತ್ತಾರೆ. ಮಳೆಗಾಲವಿಡೀ ಶೆಡ್ಡಿನಲ್ಲಿ ಕೂತ ಅದೇ ಡೀಸೆಲ್ ಅರ್ಜೆಂಟಿಗೆ ಪಿಕಪ್‌ನ ಟ್ಯಾಂಕಿಗೂ ಬೀಳುತ್ತದೆ. ಅರೆಬರೆ ತುಂಬಿದ ಡ್ರಮ್ಮಿನ ಒಳಗೆ ರಾತ್ರಿ ತಂಪಿಗೆ ತೇವ ಹನಿಗಟ್ಟುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳ ಸೇರುತ್ತದೆ. ನೀರೂ ಡೀಸೆಲ್ಲೂ ಕೂಡುವಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆಯಾಗುತ್ತದೆ. ಡೀಸೆಲ್ಲಿನಲ್ಲಿ ಶೇ. 7ರವರೆಗೆ ಜೈವಿಕ ಡೀಸೆಲ್ ಇರಲು ಅವಕಾಶವಿದೆ. ಅದು ತೇವವನ್ನು ಹೆಚ್ಚು ಹೀರುತ್ತದೆ.

ಇಲ್ಲೂ ಸೀಸೆಯವರು ತಯಾರು. ‘ನೀರು ಮಾಯ’ ಎನ್ನುವ ಮದ್ದುಗಳಲ್ಲಿ ಎರಡು ಜಾತಿ. ಒಂದು ನೀರನ್ನು ಬೇರ್ಪಡಿಸಿ ತಳಕ್ಕೆ ಇಳಿಸುತ್ತದೆ. ಇನ್ನೊಂದು ನೀರನ್ನು ಡೀಸೆಲ್ಲಿನಲ್ಲೇ ಕಲಸಿಬಿಡುತ್ತದೆ. ಕಲಸಿದ ನೀರು ಫಿಲ್ಟರಿನ ಕಣ್ಣು ತಪ್ಪಿಸಿ ನೇರ ಇಂಜೆಕ್ಟರಿಗೆ ಹೋಗುತ್ತದೆ. ಆಮೇಲಿನ ರಿಪೇರಿ ಬಿಲ್ಲಿಗೆ ಸೀಸನ್ನಿನ ಬಾಡಿಗೆಯೇ ಕರಗುತ್ತದೆ.

ಇದಕ್ಕೆ ಔಷಧಿ ಪುಕ್ಕಟೆ. ಡೀಸೆಲ್ ಫಿಲ್ಟರಿನ ಕೆಳಗೆ ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿದರೆ ನೀರು ಹೊರಬೀಳುತ್ತದೆ. ಮೀಟರ್ ಬೋರ್ಡಿನಲ್ಲಿ ನೀರಿನ ದೀಪ ಹತ್ತಿದರೆ ಅದೇ ದಿನ ಮಾಡಬೇಕಾದ ಕೆಲಸ ಅದು. ಕಂಪನಿ ಹೇಳಿದ ಕಿಲೋಮೀಟರಿಗೆ ಒಳ್ಳೆ ಫಿಲ್ಟರ್, ರಾತ್ರಿ ಗಾಡಿ ನಿಲ್ಲಿಸುವಾಗ ತುಂಬಿದ ಟ್ಯಾಂಕು, ಭದ್ರವಾದ ಮುಚ್ಚಳ. ಅನುಮಾನ ಬಂದರೆ ಬಂಕಿನಲ್ಲಿ ಸಾಂದ್ರತೆ ಪರೀಕ್ಷೆ ಕೇಳುವುದು ಗ್ರಾಹಕರ ಹಕ್ಕು. ಅಳತೆಯ ಅನುಮಾನಕ್ಕೆ 5 ಲೀಟರಿನ ಮಾಪನವೂ ಅಲ್ಲೇ ಇರಬೇಕು.

ದೀಪ ಹತ್ತಿದಾಗ

ಬಿಎಸ್-6 ಗಾಡಿಯವರ ಇನ್ನೊಂದು ಗೋಳು ಮಸಿ ಫಿಲ್ಟರಿನದು. ಎರಡನೇ ಗೇರಿನಲ್ಲಿ ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಸುತ್ತುವ ಗಾಡಿಯ ಹೊಗೆಕೊಳವೆ ಮಸಿ ಸುಡುವಷ್ಟು ಕಾಯುವುದೇ ಇಲ್ಲ. ದೀಪ ಹತ್ತಿದ ಕೂಡಲೇ ಸೀಸೆ ಕೊಳ್ಳುವ ಬದಲು ಕೈಪಿಡಿ ಹೇಳಿದಂತೆ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಬೇಕು. ಚಿಕ್ಕಮಗಳೂರಿನವರಿಗೆ ಕಡೂರು ರಸ್ತೆ ಇದೆ. ಯೂರಿಯಾ ದ್ರಾವಣ ಬಳಸುವ ಗಾಡಿಯಾದರೆ ಅದು ಬೇರೆ ಟ್ಯಾಂಕಿನದು, ನೀಲಿ ಮುಚ್ಚಳದ್ದು. ಅದನ್ನು ಡೀಸೆಲ್ ಟ್ಯಾಂಕಿಗೆ ಹೊಯ್ದರೆ ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ಕನ್ನು ಕರೆಸುವುದೊಂದೇ ದಾರಿ.

ಹಾಗಾದರೆ ಸೀಸೆ ಎಲ್ಲವೂ ಮೋಸವೇ? ಅಲ್ಲ. ಹಳೇ ಗಾಡಿಯ ಇಂಜೆಕ್ಟರಿನಲ್ಲಿ ಕಿಟ್ಟ ಕಟ್ಟಿದ್ದರೆ ಒಳ್ಳೆ ಕ್ಲೀನರ್ ಒಂದೆರಡು ಸಲ ಉಪಯೋಗಕ್ಕೆ ಬರಬಹುದು. ಲೋಳೆ ಕಟ್ಟಿದ ಡ್ರಮ್ಮಿಗೆ ಸೂಕ್ಷ್ಮಜೀವಿ ಕೊಲ್ಲುವ ಮದ್ದೂ ಇದೆ. ಆದರೆ ಮೊದಲು ಡ್ರಮ್ಮು ತೊಳೆಯಬೇಕು, ಇಲ್ಲದಿದ್ದರೆ ಸತ್ತ ಲೋಳೆ ಫಿಲ್ಟರಿಗೆ ಬಂದು ಕೂರುತ್ತದೆ. ಕೊಳ್ಳುವ ಮುನ್ನ ಮೂರು ವಿಷಯ ನೋಡಿದರೆ ಸಾಕು: ಕೈಪಿಡಿಯ ಒಪ್ಪಿಗೆ ಇದೆಯೇ, ಬಿಎಸ್-6ಕ್ಕೆ ಆಗುತ್ತದೆಂದು ಬರೆದಿದೆಯೇ, ಲೋಹದ ಅಂಶ ಇಲ್ಲವೆಂದು ಹೇಳಿದೆಯೇ. ವಾರಂಟಿ ಇರುವ ಗಾಡಿಗೆ ಕೇಳದೆ ಹೊಯ್ದು ಕೆಟ್ಟರೆ ಹೊಣೆ ಹೊಯ್ದವನದೇ.

ಪ್ರತಿ ಟ್ಯಾಂಕಿಗೆ ಸೀಸೆಗೆಂದು ತೆಗೆದಿಟ್ಟ 300 ರೂಪಾಯಿ ನಾಲ್ಕೈದು ಸಲ ಕೂಡಿದರೆ ಒಂದು ಫಿಲ್ಟರಿನ ಖರ್ಚು ನಡೆಯುತ್ತದೆ. ಕಳಸದ ದಾರಿಯಲ್ಲಿ ರಾತ್ರಿ ಹೊತ್ತು ಮೂಟೆ ಹೊತ್ತು ನಿಂತ ಗಾಡಿಯನ್ನು ಮನೆಗೆ ಮುಟ್ಟಿಸುವುದು ಆ ಫಿಲ್ಟರೇ.