ಗ್ಯಾರೇಜಿನ ನೆಲಕ್ಕೆ ಯಾವ ಹೊದಿಕೆ?

ಮನೆ ಕಟ್ಟಿಸುವವರು ತಲೆಬಾಗಿಲಿನ ಕೆತ್ತನೆಗಾಗಿ ಒಂದು ತಿಂಗಳು ಯೋಚಿಸುತ್ತಾರೆ. ಕಿಟಕಿಯ ಪರದೆಗಾಗಿ ಹದಿನೈದು ದಿವಸ ಅಂಗಡಿ ಅಲೆಯುತ್ತಾರೆ. ವಾಹನ ನಿಲ್ಲಿಸುವ ಕೋಣೆಯ ನೆಲದ ಪ್ರಸ್ತಾಪ ಬಂದಾಗ ಮಾತ್ರ, "ಗೌಂಡಿಗೆ ತಿಳಿದಂತೆ ಮಾಡಲಿ" ಎಂದು ಸುಮ್ಮನಾಗುತ್ತಾರೆ. ವಾಚಕರೆ, ನಾನೂ ಈ ಪಂಗಡಕ್ಕೆ ಸೇರಿದವನೇ ಆಗಿದ್ದೆ. ಹೋದ ವರ್ಷ ಖಂಡೇಪೂಜೆಗೆಂದು ಬಾಗಲಕೋಟೆಯ ನವನಗರಕ್ಕೆ ಹೋಗಿಬಂದ ಮೇಲೆ ಆ ಉದಾಸೀನವನ್ನು ಬಿಟ್ಟಿದ್ದೇನೆ.

ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿದಾಗ ಮನೆ ಕಳೆದುಕೊಂಡವರಿಗೆಂದು ಕಟ್ಟಿದ ಊರು ನವನಗರ. ನನ್ನ ತಂಗಿಯ ಸಂಸಾರವೂ ಹಾಗೆ ಅಲ್ಲಿಗೆ ಬಂದು ನೆಲಸಿದುದು. ಅವಳ ಮಗ ಮೋಟಾರು ಸೈಕಲ್ಲು, ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುವ ಗ್ಯಾರೇಜೊಂದನ್ನು ತೆರೆದಿದ್ದ. ತಂಗಿ ತನ್ನ ಪಾಟಲಿಗಳನ್ನು ಒತ್ತೆಯಿಟ್ಟು ಹಣ ಕೊಟ್ಟಿದ್ದಳು. ಆ ಹಣದಲ್ಲಿ ಸಾಕಷ್ಟು ಪಾಲು ಹೋದುದು ನೆಲಕ್ಕೆ. ದೊಡ್ಡ ಊರಿನ ಕಾರಿನ ಅಂಗಡಿಗಳಲ್ಲಿ ಕಾಣುವಂತೆ ಕನ್ನಡಿಯ ಹಾಗೆ ಹೊಳೆಯುವ ಎಪಾಕ್ಸಿ ಬಣ್ಣವನ್ನು ಅವನು ಕಾಂಕ್ರೀಟಿನ ಮೇಲೆ ಬಳಿಸಿದ್ದ.

ನಾನು ಹೋದಾಗ ಆ ಹೊಳಪು ಹಾಳೆಹಾಳೆಯಾಗಿ ಎದ್ದಿತ್ತು. "ಮಾಮಾ, ಇದು ನೆಲಾ ಅಲ್ಲ, ಹಾವಿನ ಪೊರಿ ಆಗೇತಿ ನೋಡ್ರಿ" ಎಂದು ಅಳಿಯ ನಕ್ಕ, ನಗುವಿನಲ್ಲಿ ಜೀವವಿರಲಿಲ್ಲ. ಬಣ್ಣ ಗಟ್ಟಿಯಾಗಿ ಉಳಿದಿದ್ದ ಕಡೆಯಲ್ಲಿ ಇನ್ನೊಂದು ಕೇಡು ನಡೆದಿತ್ತು. ಚೆಲ್ಲಿದ ಎಣ್ಣೆಯ ಮೇಲೆ ಕಾಲಿಟ್ಟ ಕೆಲಸಗಾರನೊಬ್ಬ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ಅವನ ಚಿಕಿತ್ಸೆಯ ವೆಚ್ಚವನ್ನೂ ಕೂಲಿಯನ್ನೂ ಅಳಿಯನೇ ಭರಿಸುತ್ತಿದ್ದ.

ತಂಗಿಯ ಮಗಳನ್ನು ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟಿದೆ. ಆ ಬೀಗರಿಗೆ ಪರಿಚಿತರಾದ ಹಿರಿಯ ಗೌಂಡಿಯೊಬ್ಬರು ಹಬ್ಬಕ್ಕೆಂದು ಬಂದಿದ್ದರು. ನೆಲವನ್ನು ನೋಡಿ ಅವರು ಯಾರನ್ನೂ ದೂರಲಿಲ್ಲ. ಬಣ್ಣ ಕಿತ್ತುಬಂದಿದ್ದ ಕಡೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಹರಡಿ, ನಾಲ್ಕು ಅಂಚಿಗೂ ಅಂಟುಪಟ್ಟಿ ಒತ್ತಿ, "ನಾಳೆ ಮುಂಜಾನೆ ನೋಡೂಣ್ರಿ" ಎಂದರು. ಮರುದಿನ ಹಾಳೆಯ ಒಳಮೈಯಲ್ಲಿ ಇಬ್ಬನಿಯಂತೆ ನೀರಿನ ಹನಿಗಳು ಕೂತಿದ್ದುವು. ಅದರಡಿಯ ಕಾಂಕ್ರೀಟು ಕಪ್ಪಾಗಿತ್ತು.

ವಿಷಯ ಇಷ್ಟೆ. ಕಾಂಕ್ರೀಟು ನೋಡಲು ಗಟ್ಟಿ. ಆದರೆ ಅದರೊಳಗೆ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ಅದರ ಕೆಳಗೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿರದಿದ್ದರೆ ಭೂಮಿಯ ತೇವ ಆ ರಂಧ್ರಗಳ ಮೂಲಕ ಆವಿಯಾಗಿ ಮೇಲೇರುತ್ತದೆ. ಮೇಲುಗಡೆ ಗಾಳಿಯಾಡದಂತಹ ಬಣ್ಣವಿದ್ದರೆ ಆವಿ ಹೊರಹೋಗಲು ದಾರಿ ಕಾಣದೆ ಬಣ್ಣದ ಹಿಡಿತವನ್ನು ಸಡಿಲಿಸಿ ಎಬ್ಬಿಸಿಬಿಡುತ್ತದೆ. ಅಳಿಯನ ನೆಲದಡಿಯಲ್ಲಿ ಹಾಳೆ ಇರಲಿಲ್ಲ. ಸಾಲದುದಕ್ಕೆ, ಕಾಂಕ್ರೀಟು ಹಾಕಿದ ಮೂರನೆಯ ವಾರದಲ್ಲೇ ಅವಸರದಿಂದ ಬಣ್ಣ ಬಳಿಸಿದ್ದ.

ಎರಡನೆಯ ದೋಷ ಮೇಲ್ಮೈಯಲ್ಲೇ ಇತ್ತು. ಹಸಿ ಕಾಂಕ್ರೀಟಿನ ಮೇಲೆ ತೇಲಿಬಂದ ನೀರನ್ನು ಬೇಗ ಹೀರಿಸಲೆಂದು ಒಣ ಸಿಮೆಂಟಿನ ಪುಡಿಯನ್ನು ಉದುರಿಸಿ ಕರಣೆಯಾಡಿಸುವ ವಾಡಿಕೆ ಅನೇಕ ಕಡೆ ಇದೆ. ಇದರಿಂದ ನೆಲ ನುಣುಪಾಗಿ ಕಂಡರೂ ಮೇಲೊಂದು ತೆಳುವಾದ, ಬಲವಿಲ್ಲದ ಸಿಪ್ಪೆ ಏಳುತ್ತದೆ. ಅದರ ಮೇಲೆ ಎಂತಹ ಬೆಲೆಬಾಳುವ ಬಣ್ಣ ಬಳಿದರೂ ಸಿಪ್ಪೆಯ ಸಮೇತ ಅದು ಕಳಚುವುದೇ ಸರಿ. ತೇಲಿದ ನೀರು ತಾನಾಗಿ ಆರುವವರೆಗೆ ಕಾದು ಕರಣೆಯಾಡಿಸಬೇಕು. ಬಳಿಕ ನೆಲಕ್ಕೆ ಕಡಿಮೆಯೆಂದರೆ 7 ದಿವಸ, ನಮ್ಮ ಉತ್ತರದ ಜಿಲ್ಲೆಗಳ ಒಣ ಬಿಸಿಲಿನಲ್ಲಾದರೆ 10ರಿಂದ 14 ದಿವಸ, ಎಡೆಬಿಡದೆ ನೀರುಣಿಸಬೇಕು. ಲೇಪದ ಆಲೋಚನೆ 28 ದಿವಸಗಳಾದ ಮೇಲೆ. ಅದೂ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯಲ್ಲಿ ನೆಲ ತೇರ್ಗಡೆಯಾದರೆ.

ಹಬ್ಬ ಮುಗಿದ ಮೇಲೆ ಗೌಂಡಿಯವರೊಡನೆ ನಾವು ಇಳಕಲ್ಲಿಗೆ ಹೊರಟೆವು. ಹುನಗುಂದದ ಸುತ್ತಲಿನ ಎರೆಹೊಲಗಳು ಮಳೆಯ ನೀರು ಕುಡಿದು ಉಬ್ಬಿದ್ದುವು. ಬೇಸಗೆಯಲ್ಲಿ ಇದೇ ಮಣ್ಣು ಕುಗ್ಗಿ, ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಹೀಗೆ ವರುಷಕ್ಕೊಮ್ಮೆ ಉಬ್ಬಿ ಕುಗ್ಗುವ ಮಣ್ಣಿನ ಮೇಲೆ ನೇರವಾಗಿ ನೆಲ ಹಾಕಿದರೆ ಅದು ಬಿರಿಯದೆ ಇದ್ದೀತೆ? ಎರೆಮಣ್ಣನ್ನು ತೆಗೆದು, ಗರಸು ತುಂಬಿ, ನೀರು ಹಾಕಿ ದಮ್ಮಸು ಮಾಡಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟು ಹಾಕುವುದು ಕ್ರಮ. 4 ಅಂಗುಲ ದಪ್ಪದ ನೆಲವಾದರೆ ಸುಮಾರು 10 ಅಡಿಗೊಂದರಂತೆ 1 ಅಂಗುಲ ಆಳದ ಸೀಳುಗೆರೆಯನ್ನು ಮೊದಲೇ ಕೊಯ್ದಿಡಬೇಕು. ಬಿರಿಯುವುದಿದ್ದರೆ ಆ ಗೆರೆಯಲ್ಲಿಯೇ ಬಿರಿಯಲಿ. ಬಾಗಿಲ ಕಡೆಗೆ 10 ಅಡಿಗೆ ಒಂದೂಕಾಲು ಅಂಗುಲದಷ್ಟು ಇಳಿಜಾರು ಇದ್ದರೆ ತೊಳೆದ ನೀರು ನಿಲ್ಲುವುದಿಲ್ಲ.

ಇಳಕಲ್ಲಿನ ಬೀಗರ ಮನೆಯಲ್ಲಿ ಬೇರೊಂದು ತೊಡಕು ಕಂಡಿತು. ಅಲ್ಲಿ ಹಿರಿಯರ ಕುಣಿಮಗ್ಗ ಮಣ್ಣಿನ ನೆಲದ ಕೋಣೆಯಲ್ಲಿದೆ. ಹೊಸ ಮಗ್ಗಗಳಿಗೆ ಸಿಮೆಂಟು ನೆಲದ ಕೋಣೆ. ಆ ಸಿಮೆಂಟು ನೆಲ ಗುಡಿಸಿದಷ್ಟೂ ಬೂದು ಧೂಳನ್ನು ಕಾರುತ್ತಿತ್ತು. ಸೆರಗಿನ ಕೆಂಪು ರೇಶಿಮೆಯ ಮೇಲೆ ಸಿಮೆಂಟಿನ ಧೂಳು ಕೂತರೆ ಸೀರೆಯ ಗತಿಯೇನು? ಇಂತಹ ನೆಲಕ್ಕೆ ಬಣ್ಣ ಬೇಕಿಲ್ಲ. ಸಿಲಿಕೇಟು ದ್ರಾವಣ ಸಾಕು. ನೀರಿನಂತಿರುವ ಈ ದ್ರಾವಣ ಕಾಂಕ್ರೀಟಿನೊಳಗೆ ಇಳಿದು, ಅಲ್ಲಿ ಉಳಿದಿರುವ ಸುಣ್ಣದೊಡನೆ ಕೂಡಿ ಗಟ್ಟಿಯಾದ ವಸ್ತುವಾಗುತ್ತದೆ. ಮೇಲೆ ಪದರವೇ ಇಲ್ಲವಾದುದರಿಂದ ಏಳುವ ಮಾತಿಲ್ಲ. ನೆಲದ ಆವಿಗೂ ತಡೆಯಿಲ್ಲ. ಧೂಳು ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಆಮ್ಲವನ್ನು ಇದು ತಡೆಯಲಾರದು. ಎಣ್ಣೆಯ ಕಲೆಯನ್ನೂ ಪೂರ್ಣವಾಗಿ ತಪ್ಪಿಸಲಾರದು.

ಆಮ್ಲದ ಮಾತು ಬಂದಾಗ ಕಲ್ಲಿನ ಮಾತೂ ಬಂದಿತು. ಈ ವಿಷಯದಲ್ಲಿ ಬಾಗಲಕೋಟೆ ಜಿಲ್ಲೆಯೇ ಒಂದು ಕಲ್ಲಿನ ಅಂಗಡಿ. ಬಾದಾಮಿಯಲ್ಲಿ ಮರಳುಗಲ್ಲು, ಕ್ರಿ.ಶ. 578ರ ಶಾಸನವಿರುವ ಅಲ್ಲಿಯ ಮೂರನೆಯ ಗುಹಾಲಯದಲ್ಲಿ ನೆಲ, ಕಂಬ, ಸೂರುಗಳೆಲ್ಲ ಅದೇ ಒಂದು ಬಂಡೆಯಲ್ಲಿ ಕೊರೆದವು. ಬರಿಗಾಲಿನ ಭಕ್ತರಿಗೆ ಅದು ಬಲು ಹಿತವಾದ ನೆಲ. ಗ್ಯಾರೇಜಿಗೆ ಮಾತ್ರ ಒಗ್ಗದು. ಮರಳುಗಲ್ಲು ಎಣ್ಣೆಯನ್ನು ಹೀರಿ ಕಲೆಯನ್ನು ಒಳಗಿಟ್ಟುಕೊಳ್ಳುತ್ತದೆ. ನಮ್ಮ ಕಡೆಯ ಮನೆಮನೆಗಳಲ್ಲಿ ಹಾಸಿರುವ ಶಹಾಬಾದು ಕಲ್ಲು ಸುಣ್ಣದ ಜಾತಿಯದು, ಅಗ್ಗ, ತಂಪು. ಬ್ಯಾಟರಿಯ ಗಂಧಕಾಮ್ಲ ಬಿದ್ದರೆ ಮಾತ್ರ ಅದು ಸವೆದುಹೋಗುತ್ತದೆ. ಸಿಮೆಂಟಿನ ಪಾಡೂ ಅದೇ. ಗೃಹಿಣಿಯರು ಇದನ್ನು ಅಡಿಗೆಮನೆಯಲ್ಲೇ ಪರೀಕ್ಷಿಸಬಹುದು. ಶಹಾಬಾದು ಕಲ್ಲಿನ ಮೇಲೆ ನಿಂಬೆಯ ರಸದ ಹನಿ ಬಿದ್ದು ಒಂದಿಷ್ಟು ಹೊತ್ತು ನಿಂತರೆ ಅಲ್ಲಿ ಹೊಳಪು ಮಂಕಾಗುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟು ಈ ಪರೀಕ್ಷೆಯನ್ನು ಗೆಲ್ಲುತ್ತದೆ. ಜಾಕಿನ ಭಾರಕ್ಕೂ ಅದು ಅಂಜದು. ಆದರೆ ಮೆರಗು ಕೊಟ್ಟ ಗ್ರಾನೈಟು ಎಣ್ಣೆ ಬಿದ್ದರೆ ಎಪಾಕ್ಸಿಯಷ್ಟೇ ಜಾರುತ್ತದೆ. ಗ್ಯಾರೇಜಿಗೆ ಒರಟು ಮೈಯ ಕಲ್ಲನ್ನೇ ಆರಿಸಬೇಕು.

ಇಷ್ಟರಿಂದ ಎಪಾಕ್ಸಿ ಕೆಟ್ಟ ವಸ್ತುವೆಂದು ಭಾವಿಸಬಾರದು. ನೆಲ ಒಣಗಿದ್ದು, ಮೇಲ್ಮೈಯ ಸಿಪ್ಪೆಯನ್ನು ಯಂತ್ರದಿಂದ ಉಜ್ಜಿ ತೆಗೆದು, ಬಳಿಯುವಾಗ ಸಣ್ಣ ಉಸುಕನ್ನು ಉದುರಿಸಿ ಹಿಡಿತ ಕೊಟ್ಟರೆ ಅದು ಒಳ್ಳೆಯ ಸೇವೆ ಮಾಡುತ್ತದೆ; ಎಣ್ಣೆ, ಪೆಟ್ರೋಲುಗಳನ್ನು ಒರಸಿ ತೆಗೆಯುವುದು ಸುಲಭ. ಆದರೆ ಬಿಸಿಲು ಬೀಳುವ ಜಾಗದಲ್ಲಿ ಅದು ಹಳದಿಗಟ್ಟುತ್ತದೆ. ದೂರದಿಂದ ಬಂದ ಕಾರಿನ ಬಿಸಿ ಟೈರುಗಳು ಕಳಪೆ ಲೇಪವನ್ನು ಕಿತ್ತುಕೊಂಡು ಬರುವುದುಂಟು. ನಮ್ಮ ತಾಯಂದಿರಿಗೆ ಪ್ರಿಯವಾದ ಕೆಂಪು ಆಕ್ಸೈಡಿನ ಗಾರೆ ನೆಲ ಪಡಸಾಲೆಗೆ ಶೋಭೆ. ಆದರೆ ಕಬ್ಬಿಣದ ಸಲಕರಣೆ ಬೀಳುವಲ್ಲಿ ಅದರ ಅಂದ ಬಹುದಿನ ಉಳಿಯದು.

ಆದುದರಿಂದ ಲೇಪವನ್ನು ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಮೂರು. ನೆಲದ ಕೆಳಗೆ ಏನಿದೆ? ನೆಲದ ಮೇಲೆ ಏನು ಚೆಲ್ಲುತ್ತದೆ? ಅದರ ಮೇಲೆ ನಿಂತು ದುಡಿಯುವವರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಬಣ್ಣದ ಪಟ್ಟಿಯನ್ನು ತೆರೆದರೆ ಸಾಕು. ಸ್ಕೂಟರು ಮಾತ್ರ ನಿಲ್ಲುವ ಮನೆಯವರಿಗೆ ತುಸು ಒರಟಾಗಿ ಮುಗಿಸಿದ, ಚೆನ್ನಾಗಿ ನೀರುಣಿಸಿದ ಬರಿಯ ಕಾಂಕ್ರೀಟೇ ಧಾರಾಳವಾಯಿತು.

ನನ್ನ ಅಳಿಯನ ನೆಲವನ್ನು ಅಗೆದು ಹೊಸದಾಗಿ ಹಾಕಲು ಹಣವಿರಲಿಲ್ಲ. ಕೆಳಗಿನ ತೇವವನ್ನು ತಡೆಯುವ ಬಗೆಯೂ ಇರಲಿಲ್ಲ. ಆವಿಯನ್ನು ತಡೆಯದ ಉಪಾಯವನ್ನೇ ಹಿಡಿಯಬೇಕಾಯಿತು. ಉಳಿದ ಬಣ್ಣವನ್ನೂ ಸಿಪ್ಪೆಯನ್ನೂ ಉಜ್ಜಿಸಿ ತೆಗೆದು ಸಿಲಿಕೇಟು ದ್ರಾವಣವನ್ನು ಎಳೆಸಿದ. ಬ್ಯಾಟರಿ ಇಡುವ ಮೂಲೆಗೆ, ಗ್ರಾನೈಟು ಕೊಯ್ಯುವಲ್ಲಿ ಉಳಿದ ಒರಟು ತುಂಡುಗಳನ್ನು ಇಳಕಲ್ಲಿನಿಂದ ತರಿಸಿ ಹಾಸಿದ. ಎಣ್ಣೆ ಚೆಲ್ಲಿದ ಕೂಡಲೆ ಸುರಿಯಲೆಂದು ಕಟ್ಟಿಗೆ ಹೊಟ್ಟಿನ ಡಬ್ಬಿಯೊಂದು ಬಾಗಿಲ ಬಳಿ ಬಂತು.

ಮೊನ್ನೆ ತಂಗಿಯ ಕಾಗದ ಬಂದಿದೆ. ನೆಲ ಬೂದು ಬಣ್ಣದ್ದಾಗಿ, ಅಲ್ಲಲ್ಲಿ ಎಣ್ಣೆಯ ಕಲೆಗಳಿಂದ ಕೂಡಿ, ನೋಡಲು ಸಾಧಾರಣವಾಗಿದೆಯಂತೆ. ಕೈ ಮುರಿದುಕೊಂಡಿದ್ದ ಕೆಲಸಗಾರ ತಿರುಗಿ ಬಂದು ಅದರ ಮೇಲೆ ಧೈರ್ಯವಾಗಿ ಓಡಾಡುತ್ತಿದ್ದಾನಂತೆ. ಪಾಟಲಿಗಳು ಮಾತ್ರ ಇನ್ನೂ ಒತ್ತೆಯಲ್ಲಿಯೇ ಇವೆ. "ಬರೋ ಹಬ್ಬಕ್ಕ ಬಿಡಿಸಿಕೊಡ್ತೀನಿ ಅಂದಾನ, ಅಣ್ಣಾ" ಎಂದು ಬರೆದಿದ್ದಾಳೆ.